ಕಬ್ಬನ್ ಪಾರ್ಕೋ, ಲಾಲ್‌ಬಾಗೋ?

ಬೆಂಗಳೂರಿನಲ್ಲಿ ಒಂದೇ ಬೆಳಗ್ಗೆ ಬಿಡುವಿದೆಯಾ? ಹಳೇ ಕಟ್ಟಡ, ಪ್ರತಿಮೆ ನೋಡುವ ಆಸೆ ಜಾಸ್ತಿ ಇದ್ದರೆ ಕಬ್ಬನ್ ಪಾರ್ಕಿಗೇ ಹೋಗಿ. 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ ಉದ್ಯಾನ ಇದು. 1927ರಲ್ಲಿ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಇವತ್ತಿಗೂ ಕಬ್ಬನ್ನೇ, ಅಲ್ವಾ? ಅಂಚಿನಲ್ಲಿ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್. ಮರಗಳ ನಡುವೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನ, ಒಳಗೆ ಲೈಬ್ರರಿ. 1906ರ ವಿಕ್ಟೋರಿಯಾ ರಾಣಿಯ ಅಮೃತಶಿಲೆ ಪ್ರತಿಮೆಯ ಮುಂದೆ ಎರಡು ನಿಮಿಷ ನಿಲ್ಲಿ. ಬಟ್ಟೆಯ ಮಡಿಕೆಗಳನ್ನು ಕಲ್ಲಿನಲ್ಲಿ ಎಷ್ಟು ಚೆಂದ ಕೆತ್ತಿದ್ದಾರೆ!

ಲಾಲ್‌ಬಾಗ್ ಇನ್ನೂ ಹಳೆಯದು, 1760ರಲ್ಲಿ ಹೈದರಾಲಿ ಶುರು ಮಾಡಿದ್ದು. ಗಾಜಿನ ಮನೆ, ಸುಮಾರು 300 ಕೋಟಿ ವರ್ಷದ ಬಂಡೆ, ಅದರ ಮೇಲೆ ಕೆಂಪೇಗೌಡ ಗೋಪುರ. ಗಿಡಮರದ ಹುಚ್ಚಿರುವವರಿಗೆ ಅದೇ ಸರಿ.