ಹಲ್ಲು ಸೆಟ್ಟಿನ ಬೇಸ್‌ಗೆ ಗುಲಾಬಿ ಡಿಸ್ಕಾ, ಪ್ರಿಂಟಿಂಗ್ ರೆಸಿನ್ನಾ, ಹಳೇ ಹೀಟ್ ಕ್ಯೂರಾ?

ಬೇಸ್ ಎಂದರೆ ಹಲ್ಲು ಕೂರುವ, ವಸಡಿನ ಬಣ್ಣದ ಭಾಗ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಿಲ್ಲಿಂಗ್ ಡಿಸ್ಕಿಗೆ, ಅಂದರೆ ಮಷಿನ್‌ನಲ್ಲಿ ಕೊರೆಯುವ ಗುಲಾಬಿ ಪ್ಲಾಸ್ಟಿಕ್ ಬಿಲ್ಲೆಗೆ. ನಮ್ಮದು ಚಿಕ್ಕ ಡೆಂಟಲ್ ಲ್ಯಾಬ್, ಮೂರನ್ನೂ ಮಾಡಿ ನೋಡಿದ್ದೇವೆ.

ಹೀಟ್ ಕ್ಯೂರ್ ಎಂದರೆ ಪುಡಿ, ಲಿಕ್ವಿಡ್ ಕಲಸಿ ಅಚ್ಚಿನಲ್ಲಿ ಬಿಸಿ ಕೊಟ್ಟು ಗಟ್ಟಿ ಮಾಡುವುದು. ಅದು ಅಗ್ಗ, ಕೈಗೂ ಪಳಗಿದೆ. ಆದರೆ ಗಟ್ಟಿಯಾಗುವಾಗ ಕುಗ್ಗುತ್ತದೆ. ಮೂರು ಪಾಲು ಪುಡಿಗೆ ಒಂದು ಪಾಲು ಲಿಕ್ವಿಡ್ ಹಾಕಿ ಸರಿಯಾಗಿ ಕಲಸಿದರೂ ಗಾತ್ರ ಸುಮಾರು ಶೇ. 7ರಷ್ಟು ಇಳಿಯುತ್ತದೆ, ಮೇಲಿನ ಸೆಟ್ಟು ಅಂಗುಳದ ಹಿಂಭಾಗದಲ್ಲಿ ಎದ್ದು ನಿಲ್ಲಲು ಇದೂ ಒಂದು ಕಾರಣ. ಡಿಸ್ಕನ್ನು ಕಾರ್ಖಾನೆಯಲ್ಲೇ ಬಿಸಿ, ಒತ್ತಡ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಕುಗ್ಗುವುದೆಲ್ಲ ಅಲ್ಲೇ ಮುಗಿದಿರುತ್ತದೆ, ನಮಗೆ ಕೊರೆಯುವ ಕೆಲಸ ಅಷ್ಟೇ. ಉಳಿಕೆ ಮಾನೋಮರ್, ಅಂದರೆ ಗಟ್ಟಿಯಾಗದೆ ಒಳಗೇ ಉಳಿಯುವ ಲಿಕ್ವಿಡ್ ಕೂಡ ಕಡಿಮೆ.

ಪ್ರಿಂಟಿಂಗ್ ರೆಸಿನ್, ಅಂದರೆ 3ಡಿ ಪ್ರಿಂಟರ್‌ಗೆ ಹಾಕುವ ದ್ರವದಲ್ಲಿ ವೇಸ್ಟ್ ತುಂಬಾ ಕಡಿಮೆ. ಆದರೆ ತೊಳೆಯುವುದು, ಯುವಿ ಪೆಟ್ಟಿಗೆಯಲ್ಲಿ ಇಡುವುದು ಸ್ವಲ್ಪ ಹೆಚ್ಚುಕಮ್ಮಿಯಾದರೂ ಬೇಸ್ ಹಾಳು. ಟ್ರಯಲ್ ಸೆಟ್ಟಿಗೆ ಚೆನ್ನಾಗಿದೆ.

ಡಿಸ್ಕಿನಲ್ಲಿ ತಲೆನೋವು ಒಂದೇ, ಹಲ್ಲು ಅಂಟಿಸುವುದು. ಬೇಸ್‌ನಲ್ಲಿ ಪ್ರತಿ ಹಲ್ಲಿಗೂ ಒಂದು ಗುಳಿ ಬರುತ್ತದೆ. ಅಂಗಡಿಯಿಂದ ತಂದ ಹಲ್ಲಿನ ಬುಡಕ್ಕೂ ಸಾಫ್ಟ್‌ವೇರ್ ಲೈಬ್ರರಿಯಲ್ಲಿರುವ ಹಲ್ಲಿನ ಬುಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೆ ಸಾಕು, ಹಲ್ಲು ಪೂರ್ತಿ ಕೂರುವುದಿಲ್ಲ. ಅದರ ಮೇಲೆ ಅಂಟಿನ ದಪ್ಪ ಬೇರೆ. ಹಿಂದಿನ ದವಡೆ ಹಲ್ಲು ಚೂರು ಎತ್ತರವಾದರೂ ಮುಂದಿನವು ಒಂದಕ್ಕೊಂದು ತಾಗುವುದಿಲ್ಲ, ಡಾಕ್ಟರಿಂದ ಫೋನ್ ಬರುತ್ತದೆ. ಅವರು ಕೂತು ಉಜ್ಜುತ್ತಾರೆ, ನಾವು ಕಷ್ಟಪಟ್ಟು ಡಿಸೈನ್ ಮಾಡಿದ ಬೈಟ್, ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ, ಅಲ್ಲಿಗೆ ಹೋಯಿತು ಅಲ್ವಾ!

ಗುಳಿಗೆ ಸ್ವಲ್ಪ ಜಾಸ್ತಿ ಜಾಗ ಕೊಟ್ಟು ನೋಡಿದೆವು. ಆಗ ಹಲ್ಲು ಒಳಗೆ ಅಲ್ಲಾಡಿ ಓರೆಯಾಗುತ್ತದೆ. ಕೊನೆಗೆ ಬಿಡಿ ಹಲ್ಲಿನ ಸಹವಾಸವೇ ಬೇಡ ಎಂದು, ಇಡೀ ಸಾಲನ್ನು ಹಲ್ಲಿನ ಬಣ್ಣದ ಮಲ್ಟಿಲೇಯರ್ (ಪದರ ಪದರವಾಗಿ ಬಣ್ಣ ಬದಲಾಗುವ) ಡಿಸ್ಕಿನಿಂದ ಒಂದೇ ತುಂಡಾಗಿ ಕೊರೆದು, ಬೇಸ್‌ನ ಉದ್ದ ತೋಡಿಗೆ ಕೂರಿಸಿ, ಅಂಟು ಒಣಗುವವರೆಗೂ ಕ್ಲಾಂಪ್ ಹಾಕಿ ಒತ್ತಿ ಇಡುತ್ತೇವೆ. ಫೋನ್ ಬರುವುದು ತುಂಬಾ ಕಡಿಮೆಯಾಗಿದೆ. ಆದರೆ ಡಿಸ್ಕಿನೊಳಗೆ ಸಾಲನ್ನು ಎಷ್ಟು ಎತ್ತರದಲ್ಲಿ ಇಡುತ್ತೀರಿ ಎಂದು ನೋಡಿಕೊಳ್ಳಿ, ಜಾಗ ತಪ್ಪಿದರೆ ಹಲ್ಲಿನ ಬುಡವೇ ಬಿಳಿಚಿಕೊಳ್ಳುತ್ತದೆ.

ತೀರಾ ಅಗ್ಗದ ಡಿಸ್ಕ್ ಬೇಡ. ನಾವು ತಂದದ್ದರ ಪುಡಿ ಕರಗಿ ಬರ್‌ಗೇ, ಅಂದರೆ ಕೊರೆಯುವ ಮೊನೆಗೇ ಅಂಟಿಕೊಂಡಿತು. ಜಿರ್ಕೋನಿಯಾ (ಹಲ್ಲಿನ ಕ್ಯಾಪ್ ಮಾಡುವ ಗಟ್ಟಿ ಸೆರಾಮಿಕ್) ಕೊರೆದ ಬರ್ ಅಂತೂ ಇದಕ್ಕೆ ಹಾಕಲೇಬೇಡಿ.

ಖರ್ಚು? ಡಿಸ್ಕಿನ ಬಹುಪಾಲು ಚೂರಾಗಿ ಕಸಕ್ಕೆ ಹೋಗುತ್ತದೆ, ಹೊಟ್ಟೆ ಉರಿಯುತ್ತದೆ. ಜಿರ್ಕೋನಿಯಾಗೆಂದು ತಂದ ಮಷಿನ್ ನಮ್ಮಲ್ಲಿ ಮೊದಲೇ ಇತ್ತು, ಹಾಗಾಗಿ ಲೆಕ್ಕ ಕೂಡಿತು. ಇದೊಂದಕ್ಕೇ ಸಾಲ ಮಾಡಿ ಮಷಿನ್ ತರುವವರು ಸದ್ಯಕ್ಕೆ ಹೀಟ್ ಕ್ಯೂರ್‌ನಲ್ಲೇ ಇರಿ, ಟ್ರಯಲ್‌ಗೆ ಮಾತ್ರ ಪ್ರಿಂಟ್ ಮಾಡಿಸಿಕೊಳ್ಳಿ.