ಮನೆ ಹಿಂದಿನ ಕುರಿ ಕೊಟ್ಟಿಗೆಗೆ ಚಾಫ್ ಕಟರ್ (ಮೇವು ಕತ್ತರಿಸೋ ಮಿಷನ್) ತಗೊಳ್ಳೋರು ಇದನ್ನೊಮ್ಮೆ ಓದಿ

ನಾವು ಮಳವಳ್ಳಿ ಕಡೆಯವರು. ಮನೆ ಹಿಂದೆಯೇ ಬಂಡೂರು ಕುರಿ ಕಟ್ಟಿಕೊಂಡು ಮಾಂಸಕ್ಕೆ ಬೆಳೆಸುತ್ತೇವೆ. ಬಕ್ರೀದ್‌ಗೆ ಒಂದಿಷ್ಟು ಟಗರು ಹೋಗುತ್ತವೆ, ಯುಗಾದಿ ಮಾರನೆ ದಿನ ವರ್ಷತೊಡಕಿಗೆ ಊರವರೇ ಬಂದು ಗುಡ್ಡೆ ಮಾಂಸಕ್ಕೆ (ಕೊಯ್ದು ಪಾಲು ಹಾಕಿ ಹಂಚಿಕೊಳ್ಳೋಕೆ) ಹಿಡಿದುಕೊಂಡು ಹೋಗುತ್ತಾರೆ. ಬಯಲಲ್ಲಿ ಮೇಯಿಸೋಕೆ ಜಾಗವೂ ಇಲ್ಲ, ಜನವೂ ಇಲ್ಲ. ಹಾಗಾಗಿ ಎಲ್ಲ ಮೇವೂ ಕೊಟ್ಟಿಗೆಗೇ ಬರಬೇಕು. ಅದಕ್ಕೇ ಈ ಮಿಷನ್ ತಂದಿದ್ದು: 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು, ಎರಡು ಬ್ಲೇಡು, ಮೇವು ಒಳಗೆ ಎಳೆದುಕೊಳ್ಳೋ ರೋಲರು, ರಿವರ್ಸ್ ಗೇರು. ಎಲ್ಲ ಸೇರಿ 27 ಸಾವಿರ ಆಯಿತು.

ಮೊದಲು ನೇಪಿಯರ್ ಹುಲ್ಲನ್ನು ಇಡಿಯಾಗಿಯೇ ಕಟ್ಟಿ ನೇತು ಹಾಕುತ್ತಿದ್ದೆವು. ಕುರಿ ಏನು ಮಾಡುತ್ತೆ ಗೊತ್ತಲ್ವಾ, ಎಲೆಯನ್ನೆಲ್ಲ ನೀಟಾಗಿ ಕಿತ್ತು ತಿಂದು ದಂಟನ್ನು ಹಾಗೇ ಬಿಡುತ್ತೆ, ಬಿದ್ದ ದಂಟಿನ ಮೇಲೆ ಗಂಜಲ ಹೊಯ್ದು ತುಳಿಯುತ್ತೆ, ಆಮೇಲೆ ಅದನ್ನು ಮೂಸಿಯೂ ನೋಡಲ್ಲ. ಈಗ ಅದೇ ದಂಟನ್ನು ಕತ್ತರಿಸಿ ಎಲೆ ಜೊತೆ ಕಲಸಿ ಗೊಂತಿಗೆ ಹಾಕಿದರೆ ಆರಿಸಿಕೊಂಡು ತಿನ್ನೋಕೆ ಆಗಲ್ಲ. ಸಂಜೆ ನೋಡಿದರೆ ಗೊಂತಿನ ಮೂಲೆಯಲ್ಲಿ ಬೆರಳುದ್ದದ ಒಂದೆರಡು ಗಟ್ಟಿ ಗೆಣ್ಣು ಮಾತ್ರ ಉಳಿದಿರುತ್ತೆ. ಒಂದು ಕುರಿಗೆ ದಿನಕ್ಕೆ ಮೂರು ನಾಲ್ಕು ಕೆಜಿ ಹಸಿ ಮೇವು ಬೇಕು. ಅದರಲ್ಲಿ ದಂಟೆಲ್ಲ ತಿಪ್ಪೆಗೆ ಹೋದರೆ ಎಷ್ಟು ಗುಂಟೆ ಹುಲ್ಲು ಹಾಕಿದರೂ ಸಾಲಲ್ಲ. ನನಗೆ ಈ ಮಿಷನ್ನಿನ ದುಡ್ಡು ವಾಪಸ್ ಬಂದಿದ್ದೇ ಇಲ್ಲಿಂದ, ಕೂಲಿ ಉಳಿತಾಯದಿಂದ ಅಲ್ಲ.

ಅಂಗಡಿಗೆ ಹೋದರೆ ಎಲ್ಲರೂ ಎಚ್‌ಪಿ ಮಾತೇ ಆಡುತ್ತಾರೆ. ‘ಮೂರು ಎಚ್‌ಪಿ ತಗೊಳ್ಳಣ್ಣ, ಕಬ್ಬು ಹಾಕಿದ್ರೂ ಕತ್ತರಿಸುತ್ತೆ’ ಅಂತ. ಮನೆಗೆ ಬರೋ ಲೈನಲ್ಲಿ ಮೂರು ಎಚ್‌ಪಿ ಎಳೆಯುತ್ತಾ ಅಂತ ಯಾರೂ ಕೇಳಲ್ಲ. 2 ಎಚ್‌ಪಿ ಅಂದರೆ ಸುಮಾರು ಒಂದೂವರೆ ಕಿಲೋವ್ಯಾಟ್, ಸ್ಟಾರ್ಟ್ ಆಗುವಾಗ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತೆ. ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ ಬಿದ್ದಿರುತ್ತೆ. ಆಗ ಸ್ವಿಚ್ ಹಾಕಿದರೆ ಮೋಟಾರು ಸುಮ್ನೆ ಗುಂಯ್ ಅಂತಿರುತ್ತೆ, ತಿರುಗಲ್ಲ, ಬಿಸಿಯಾಗಿ ಕೆಪಾಸಿಟರ್ ಹೋಗುತ್ತೆ, ಇಲ್ಲ ವೈಂಡಿಂಗೇ ಸುಡುತ್ತೆ. ಬೆಳಗ್ಗೆ ಬೇಗ ಕತ್ತರಿಸಿಕೊಳ್ಳಿ, ದಪ್ಪ ವೈರ್ ಎಳೆಸಿ, ಲೈಟಿನ ಸಣ್ಣ ಪ್ಲಗ್ಗಿಗೆ ಹಾಕಬೇಡಿ, 16 ಆಂಪಿಯರ್ ಪಾಯಿಂಟೇ ಬೇಕು. ಅರ್ತಿಂಗ್ ಮಾಡಿಸದೆ ಒದ್ದೆ ಹುಲ್ಲು ಹಿಡಿದು ಈ ಮಿಷನ್ ಮುಟ್ಟಲೇಬೇಡಿ.

ನನ್ನ ಪ್ರಕಾರ ನೋಡಬೇಕಾದ್ದು ರೋಲರು, ರಿವರ್ಸ್ ಗೇರು ಮತ್ತು ಬಾಯಿ. ಹತ್ತು ಹನ್ನೆರಡು ಸಾವಿರಕ್ಕೆ ಸಿಗೋ ಕೆಲವು ಸಣ್ಣ ಮಿಷನ್ನುಗಳಲ್ಲಿ ರೋಲರೇ ಇರಲ್ಲ, ಮೇವನ್ನು ಕೈಯಲ್ಲೇ ಬ್ಲೇಡಿನ ಕಡೆ ನೂಕಬೇಕು. ಅವು ನನಗೆ ಬೇಡವೇ ಬೇಡ. ರೋಲರ್ ಇರೋದರಲ್ಲೂ ಬಾಯಿ ಗಿಡ್ಡ ಇದ್ದರೆ ಅಷ್ಟೇ ಅಪಾಯ: ಮೇವು ಹಾಕೋ ತಗಡು ಕೈಗಿಂತ ಉದ್ದ ಇರಬೇಕು, ಮೇಲೆ ಮುಚ್ಚಳ ಇರಬೇಕು. ಕೊಟ್ಟಿಗೆ ಕೆಲಸ ಮಾಡೋದು ನಮ್ಮಲ್ಲಿ ಹೆಚ್ಚಾಗಿ ಹೆಂಗಸರು. ಸೆರಗು ಸಿಕ್ಕಿಸಿಕೊಳ್ಳದೆ, ಗಾಜಿನ ಬಳೆ ತುಂಬಿದ ಕೈಯಲ್ಲಿ ಆ ಬಾಯಿಗೆ ಹುಲ್ಲು ಒತ್ತೋದನ್ನು ನೋಡಿದರೆ ಎದೆ ಝಲ್ ಅನ್ನುತ್ತೆ. ನಮ್ಮ ಅತ್ತಿಗೆಗೆ ಹೇಳಿದ್ದು ಒಂದೇ ಮಾತು: ‘ಸಿಕ್ಕಿಕೊಂಡರೆ ಎಳೆಯಬೇಡಿ, ರಿವರ್ಸ್ ಹಾಕಿ.’ ಮಕ್ಕಳು ಹತ್ತಿರ ಸುಳಿಯೋ ಹಾಗಿಲ್ಲ.

ಇನ್ನು ಬ್ಲೇಡು. ಕತ್ತರಿಸಿದ ತುಂಡಿನ ತುದಿ ನೀಟಾಗಿರದೆ ನಾರು ನಾರಾಗಿ ಬಂದರೆ ಮೊಂಡಾಗಿದೆ ಅಂತ ಅರ್ಥ. ಬ್ಲೇಡಿಗೂ ಎದುರಿನ ಪಟ್ಟಿಗೂ ನಡುವಿನ ಸಂದು ಸರಿ ಇದೆಯಾ ಅಂತ ನೋಡೋಕೆ ಒಂದು ಸುಲಭ ಉಪಾಯ ಇದೆ. ಪ್ಲಗ್ ಕಿತ್ತು, ಉದ್ದನೆ ಕಾಗದದ ಪಟ್ಟಿಯೊಂದನ್ನು ಸಂದಿಗೆ ಹಿಡಿದು, ಚಕ್ರವನ್ನು ಹೊರಗಿನಿಂದ ನಿಧಾನಕ್ಕೆ ತಿರುಗಿಸಿ. ಕಾಗದ ಕಚಕ್ ಅಂತ ಕತ್ತರಿಸಿದರೆ ಸರಿ, ಮಡಚಿಕೊಂಡು ಒಳಗೆ ಹೋದರೆ ಬೋಲ್ಟ್ ಬಿಚ್ಚಿ ಹತ್ತಿರ ಮಾಡಬೇಕು. ನನ್ನ ಮಿಷನ್ನಿಗೆ ಬಂದಿದ್ದ ಬ್ಲೇಡುಗಳು ಬೇಗ ಮೊಂಡಾದವು, ಅದು ನನಗೆ ನಿಜಕ್ಕೂ ಬೇಜಾರಾದ ವಿಷಯ. ಮಾರಿದವರಿಗೆ ಫೋನ್ ಮಾಡಿದರೆ ಸ್ಟಾಕ್ ಇಲ್ಲ, ನಾಳೆ ಬನ್ನಿ ಅಂತಲೇ ಹೇಳಿದರು. ತಗೊಳ್ಳುವಾಗಲೇ ಒಂದು ಜೊತೆ ಬ್ಲೇಡು ಜಾಸ್ತಿ ಕೇಳಿ ಇಸ್ಕೊಳ್ಳಿ.

ತುಂಡಿನ ಉದ್ದದ ವಿಷಯಕ್ಕೆ ಬರೋಣ, ಇದನ್ನು ಯಾರೂ ಹೇಳಿಕೊಡಲ್ಲ. ಗೇರ್ ಬದಲಿಸಿದರೆ ತುಂಡು ಸಣ್ಣ ದೊಡ್ಡ ಮಾಡಬಹುದು. ತುಂಬಾ ಸಣ್ಣಗೆ ಹಿಟ್ಟಿನ ಥರ ಮಾಡಿದರೆ ಒಳ್ಳೆಯದು ಅಂದುಕೊಂಡಿರುತ್ತಾರೆ. ಆದರೆ ಕುರಿ ಮೆಲುಕು ಹಾಕೋ ಪ್ರಾಣಿ, ಅದಕ್ಕೆ ಸ್ವಲ್ಪ ಉದ್ದದ ನಾರು ಬೇಕೇ ಬೇಕು. ಇಲ್ಲದಿದ್ದರೆ ಮೆಲುಕು ಕಡಿಮೆಯಾಗುತ್ತೆ, ಜೊಲ್ಲು ಕಡಿಮೆಯಾಗುತ್ತೆ, ಮೇಲಿಂದ ಜೋಳದ ನುಚ್ಚೂ ಹಾಕಿದರೆ ಹೊಟ್ಟೆ ಹುಳಿಯಾಗಿ ಕುರಿ ಮಂಕಾಗುತ್ತೆ. ನಾವು ಒಂದು ಇಂಚಿನ ಆಸುಪಾಸು ಇಟ್ಟುಕೊಂಡಿದ್ದೇವೆ. ಹುದುಗಿಸಿ ಇಟ್ಟುಕೊಳ್ಳೋ ರಸಮೇವಿಗೆ (ಸೈಲೇಜ್) ಮಾತ್ರ ಮುಸುಕಿನ ಜೋಳವನ್ನು ಅದಕ್ಕಿಂತ ಸಣ್ಣಗೆ ಮಾಡುತ್ತೇವೆ, ಯಾಕಂದರೆ ಚೀಲದಲ್ಲಿ ಗಾಳಿ ಉಳಿಯದ ಹಾಗೆ ತುಳಿದು ತುಂಬಬೇಕು.

ಹಸಿ ಮೇವನ್ನು ಒಂದು ಹೊತ್ತಿಗೆ ಆಗುವಷ್ಟು ಮಾತ್ರ ಕತ್ತರಿಸಿ. ರಾಶಿ ಹಾಕಿಟ್ಟರೆ ಒಳಗೆ ಬಿಸಿಯಾಗಿ ಮುಗ್ಗಲು ವಾಸನೆ ಬರುತ್ತೆ. ಇನ್ನೊಂದು ಮಾತು, ಎಳೇ ಜೋಳದ ಪೈರಿನಲ್ಲಿ ವಿಷ ಇರುತ್ತೆ, ಮಳೆ ಕೈಕೊಟ್ಟು ಬಾಡಿದ್ದರಂತೂ ಇನ್ನೂ ಜಾಸ್ತಿ. ಮಿಷನ್ನಿಗೆ ಹಾಕಿ ಕತ್ತರಿಸಿದ ಮಾತ್ರಕ್ಕೆ ಆ ವಿಷ ಹೋಗಲ್ಲ. ಹೂ ಬರೋವರೆಗೂ ಅದನ್ನು ಕುರಿಗೆ ಕೊಡಬೇಡಿ.

ಹತ್ತಕ್ಕಿಂತ ಜಾಸ್ತಿ ಕುರಿ ಕಟ್ಟಿ ಸಾಕೋರು ಧಾರಾಳವಾಗಿ ತಗೊಳ್ಳಿ, ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಬ್ಲೇಡಿಗೆ. ಅಂಗಡಿಗೆ ಹೋಗೋ ಮುಂಚೆ ತಾಲೂಕು ಪಶು ಆಸ್ಪತ್ರೆಯಲ್ಲಿ ಸಬ್ಸಿಡಿ ಏನಾದರೂ ಇದೆಯಾ ಅಂತ ಕೇಳಿ. ಮೂರು ನಾಲ್ಕು ಕುರಿ ಮಾತ್ರ ಇದ್ದರೆ ಕೈಯಲ್ಲಿ ಚಕ್ರ ತಿರುಗಿಸೋ ಹಳೇ ಥರದ್ದೇ ಸಾಕು, ಅದಕ್ಕೆ ಕರೆಂಟಿನ ಗೊಡವೆಯೂ ಇಲ್ಲ.