ಮಂಗಳೂರಿನಿಂದ ರೈಲು, ಕೊಚ್ಚಿಯಿಂದ ಹಡಗು: ಅತ್ತೆಯೊಟ್ಟಿಗೆ ಲಕ್ಷದ್ವೀಪ

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಸರ್ಕಾರಿ ಹಡಗನ್ನು ಕ್ರೂಸ್ ಅಂದುಕೊಂಡು ಹೋಗಬೇಡಿ. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟ್ "ಸ್ವಿಮ್ಮಿಂಗ್ ಪೂಲ್, ಡಿಜೆ, ಎಲ್ಲ ಉಂಟು" ಎಂದು ಅತ್ತೆಯ ಎದುರೇ ಹೇಳಿದ್ದ. ಪೂಲೂ ಇಲ್ಲ, ಡಿಜೆಯೂ ಇಲ್ಲ. ದ್ವೀಪದ ಜನ ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಓಡಾಡುವ ಹಡಗು ಅದು. ನಾವು ಪ್ರವಾಸಿಗಳು ನಡುವೆ ಜಾಗ ಮಾಡಿಕೊಂಡು ಕೂರುವವರು. ನನಗೆ ಇಷ್ಟವಾದದ್ದೂ ಅದೇ.

ನಾವು ಹೋದದ್ದು ಸಮುದ್ರಂ ಪ್ಯಾಕೇಜಿನಲ್ಲಿ. ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ಹಗಲು ನೋಡುವುದು, ರಾತ್ರಿ ಹಡಗಿಗೆ ಬಂದು ಮಲಗುವುದು. ದ್ವೀಪಕ್ಕೆ ಕಾಲಿಡಲು ಪ್ರವೇಶ ಪರ್ಮಿಟ್ ಬೇಕು, ಅದಿಲ್ಲದೆ ಹಡಗು ಹತ್ತಿಸುವುದಿಲ್ಲ. ಹಾಗಾಗಿ ರೈಲಿನ ಟಿಕೆಟ್ ಮೊದಲು ಮಾಡಿ ಪರ್ಮಿಟ್‌ಗೆ ಆಮೇಲೆ ಓಡಬೇಡಿ.

ರೈಲಿನ ವಿಷಯ. ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಮಾವೇಲಿ, ಮಲಬಾರ್ ಎರಡೂ ಕೊಚ್ಚಿಗೆ ಹೋಗುತ್ತವೆ, ಆದರೆ ಇಳಿಸುವುದು ಬೆಳಕು ಹರಿಯುವ ಮೊದಲೇ. ಎಪ್ಪತ್ತು ದಾಟಿದ ಅತ್ತೆಯನ್ನು ಆ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ಕೂರಿಸುವುದು ಬೇಡವೆಂದು ಹಿಂದಿನ ದಿನ ಬೆಳಿಗ್ಗೆಯ ವಂದೇ ಭಾರತ್ ಹಿಡಿದೆವು. 2024ರಲ್ಲಿ ಇದನ್ನು ಕಾಸರಗೋಡಿನಿಂದ ಮಂಗಳೂರಿಗೆ ವಿಸ್ತರಿಸಿದ್ದು ನಮ್ಮಂಥವರಿಗೆ ದೊಡ್ಡ ಉಪಕಾರ. ಮಧ್ಯಾಹ್ನದ ಊಟದ ಹೊತ್ತಿಗೆ ಎರ್ನಾಕುಲಂ. ಬಲಗಡೆಯ ಕಿಟಕಿ ಕೇಳಿ ತೆಗೆದುಕೊಳ್ಳಿ. ಸಮುದ್ರ ಆ ಬದಿಗೆ, ಕುಟ್ಟಿಪ್ಪುರಂ ದಾಟಿದ ಮೇಲೆ ಶೊರ್ನೂರಿನವರೆಗೆ ಭಾರತಪ್ಪುಳವೂ ಆ ಬದಿಗೇ. ಜನವರಿಯಲ್ಲಿ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಅತ್ತೆಯ ತವರು ಕಾಸರಗೋಡಿನ ಕಡೆ. ರೈಲು ಮಂಜೇಶ್ವರ ದಾಟುವಾಗಲೇ ಅವರ ಕನ್ನಡಕ್ಕೆ ಮಲಯಾಳ ಸೇರಿತು, ಕಣ್ಣೂರಿಗೆ ಬರುವಷ್ಟರಲ್ಲಿ ಪಕ್ಕದ ಸೀಟಿನವರ ಮಗಳ ಮದುವೆಯ ಮಾತುಕತೆಯೂ ಅವರ ತಲೆಗೆ ಬಂದಿತ್ತು.

ಎರ್ನಾಕುಲಂನಲ್ಲಿ ಎರಡು ಸ್ಟೇಷನ್: ಜಂಕ್ಷನ್ ಅಂದರೆ ಸೌತ್, ಟೌನ್ ಅಂದರೆ ನಾರ್ತ್. ವಂದೇ ಭಾರತ್ ಸೌತಿಗೆ ಹೋಗುತ್ತದೆ, ಬಂದರಿಗೆ ಅದೇ ಹತ್ತಿರ. ಮಲಬಾರ್‌ನಲ್ಲಿ ಬಂದರೆ ನಾರ್ತ್‌ನಲ್ಲಿ ಇಳಿಯಬೇಕು. ರಾತ್ರಿ ಸೌತ್ ಸ್ಟೇಷನ್ ಬಳಿಯ ಒಂದು ಲಾಡ್ಜ್‌ನಲ್ಲಿ ಮಲಗಿದೆವು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಸೊಳ್ಳೆಯ ಹೊರತು.

ಹಡಗು ಹತ್ತುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ರಾಬರ್ಟ್ ಬ್ರಿಸ್ಟೋ ಎಂಬ ಬ್ರಿಟಿಷ್ ಇಂಜಿನಿಯರ್ ಬಂದರನ್ನು ಆಳ ಮಾಡುವಾಗ ತೆಗೆದ ಹೂಳನ್ನೇ ತುಂಬಿಸಿ ಎಬ್ಬಿಸಿದ ನೆಲ ಅದು. ಆಟೋದವನಿಗೆ "ಲಕ್ಷದ್ವೀಪದ ಹಡಗು" ಅಂದರೆ ಸಾಕು. ಸ್ಕ್ಯಾನಿಂಗಿನ ಸಾಲಿನಲ್ಲಿ ನಮ್ಮ ಮುಂದೆ ತರಕಾರಿಯ ಗೋಣಿ, ಹೊಸ ಮಿಕ್ಸಿ, ಬಟ್ಟೆಯಲ್ಲಿ ಸುತ್ತಿದ ಕನ್ನಡಿ, ಒಂದು ತೊಟ್ಟಿಲು. ಮದುವೆ ಮನೆಯ ಉಗ್ರಾಣವೇ ನಡೆದು ಹಡಗು ಹತ್ತುತ್ತಿತ್ತು. ಮದ್ಯ ಇಟ್ಟುಕೊಂಡು ಬರುವ ಯೋಚನೆ ಇದ್ದವರು ಬಿಟ್ಟುಬಿಡಿ, ಬಂಗಾರಂ ದ್ವೀಪ ಬಿಟ್ಟರೆ ಲಕ್ಷದ್ವೀಪದಲ್ಲಿ ಪಾನನಿಷೇಧ. ನನ್ನ ಗಂಡನ ಮುಖ ಸ್ವಲ್ಪ ಸಣ್ಣದಾಯಿತು, ಅದು ನಮ್ಮ ಮನೆಯ ವಿಷಯ.

ಹಡಗಿನಲ್ಲಿ ಮೂರು ದರ್ಜೆ. ಇಬ್ಬರ ಕ್ಯಾಬಿನ್, ನಾಲ್ವರ ಕ್ಯಾಬಿನ್, ಮತ್ತೆ ಟೂರಿಸ್ಟ್ ಕ್ಲಾಸ್ ಅಂದರೆ ಎಸಿಯಲ್ಲಿ ಬರೀ ಕೂರುವ ಸೀಟು. ದ್ವೀಪಕ್ಕೆ ತಲುಪಲು 14ರಿಂದ 18 ಗಂಟೆ ಬೇಕು. ಹಣ ಉಳಿಸಲು ಸೀಟು ತೆಗೆದುಕೊಳ್ಳುವವರು ತಮ್ಮ ಸೊಂಟವನ್ನು ಒಂದು ಮಾತು ಕೇಳಿ ತೆಗೆದುಕೊಳ್ಳಿ. ಮಗನೂ ಸೇರಿ ನಾವು ನಾಲ್ವರು, ಹಾಗಾಗಿ ನಾಲ್ವರ ಕ್ಯಾಬಿನ್ ನಮ್ಮದೇ ಆಯಿತು. ಒಂದರ ಮೇಲೊಂದು ಬರ್ತ್. ಕೆಳಗಿನದು ಅತ್ತೆಗೆ. ಅವರು ಮೊದಲು ಮಾಡಿದ ಕೆಲಸ ಮನೆಯಿಂದ ತಂದ ಬೆಡ್‌ಶೀಟ್ ಹಾಸಿ, ಲೈಫ್ ಜಾಕೆಟ್ ಎಲ್ಲಿದೆ ಎಂದು ಹುಡುಕಿಸಿ, ನಮ್ಮೆಲ್ಲರ ಕೈಯಲ್ಲಿ ಕಟ್ಟಿಸಿ ನೋಡಿದ್ದು. ಎರಡನೆಯದು ಬನ್ಸ್ ಡಬ್ಬಿ ತೆಗೆದದ್ದು. ಬನ್ಸ್ ಮರುದಿನಕ್ಕೂ ಕೆಡುವುದಿಲ್ಲ, ಇಂಥ ಪ್ರಯಾಣಕ್ಕೆ ಅದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಕ್ಯಾಂಟೀನ್ ಊಟ ಅನ್ನ, ಸಾರು, ಮೀನು, ಹಸಿವಿಗೆ ಧಾರಾಳ.

ಹೊರಡುವಾಗ ಕ್ಯಾಬಿನ್‌ನಲ್ಲಿ ಮಲಗಬೇಡಿ, ಡೆಕ್ಕಿಗೆ ಹೋಗಿ. ಫೋರ್ಟ್ ಕೊಚ್ಚಿಗೂ ವೈಪಿನ್‌ಗೂ ನಡುವಿನ ಅಳಿವೆಯಲ್ಲಿ ಹಡಗು ಹೊರಬೀಳುವಾಗ ಚೀನಾ ಬಲೆಗಳು ಕಾಣುತ್ತವೆ. ಆಮೇಲೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಮಗನ ಬಾಯಿ ಬರುತ್ತದೆ.

ಟೀ ಕೌಂಟರಿನ ಬಳಿ ಅತ್ತೆಗೆ ಒಬ್ಬ ಹೆಂಗಸು ಸಿಕ್ಕಿದರು, ಹುಟ್ಟಿದ್ದು ಅಮಿನಿ ದ್ವೀಪದಲ್ಲಿ, ಕೊಟ್ಟದ್ದು ಕವರತ್ತಿಗೆ. ಅವರ ಅಜ್ಜ ಓಡ ಎಂಬ ಹಾಯಿದೋಣಿಯಲ್ಲಿ ನಾರಿನ ಹಗ್ಗ ತುಂಬಿಸಿಕೊಂಡು ಮಂಗಳೂರಿನ ಬಂದರಿಗೆ ಬರುತ್ತಿದ್ದರಂತೆ, ಹಿಂದೆ ಹೋಗುವಾಗ ಅಕ್ಕಿ. ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ ಗೊತ್ತಿಲ್ಲ, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಎಲ್ಲ 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯವೇ. ಹಾಗಿದ್ದೂ ನಾವು ಹಡಗು ಹತ್ತಲು ಕೊಚ್ಚಿಗೆ ಹೋಗಬೇಕು! "ನಮ್ಮ ಬಂದರಿನಿಂದಲೇ ಹತ್ತಬಹುದಿತ್ತಲ್ಲವಾ" ಎಂದು ಅತ್ತೆ ಆ ಹೆಂಗಸಿನ ಹತ್ತಿರ ನ್ಯಾಯ ಕೇಳಿದರು. ಅವರು ನಕ್ಕು ಇನ್ನೊಂದು ಟೀ ತರಿಸಿದರು.

ರಾತ್ರಿ ಹಡಗು ಸ್ವಲ್ಪ ಹೊರಳಾಡಿತು. ತಲೆ ಸುತ್ತುವವರು ಅವೋಮಿನ್ ಮಾತ್ರೆಯನ್ನು ವಾಂತಿ ಬರುವ ಮೊದಲೇ ತೆಗೆದುಕೊಳ್ಳಬೇಕು, ಬಂದ ಮೇಲೆ ನುಂಗಿ ಪ್ರಯೋಜನ ಇಲ್ಲ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ. ಕ್ಯಾಬಿನ್ ಆರಿಸುವ ಅವಕಾಶ ಇದ್ದರೆ ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದ್ದನ್ನು ಕೇಳಿ, ಅಲ್ಲಿ ಅಲುಗಾಟ ಕಡಿಮೆ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಒಂದು ವಿಷಯ ತಿಳಿದಿರಬೇಕು. ಬೆಳಿಗ್ಗೆ ಹಡಗು ದ್ವೀಪದ ಹೊರಗೆ ನಿಂತಿತು. ಪಕ್ಕದ ಬಾಗಿಲು ತೆಗೆದು, ಏಳುತ್ತ ಬೀಳುತ್ತ ಇರುವ ಸಣ್ಣ ಬೋಟಿಗೆ ಒಬ್ಬೊಬ್ಬರನ್ನೇ ದಾಟಿಸಿದರು. ಬೋಟು ಮೇಲೆ ಬಂದ ಕ್ಷಣಕ್ಕೆ ಕಾಲಿಡಬೇಕು. ಇಬ್ಬರು ಹುಡುಗರು ಮೊಣಕೈ ಹತ್ತಿರ ಗಟ್ಟಿ ಹಿಡಿಯುತ್ತಾರೆ, "ಈಗ" ಅಂದಾಗ ಯೋಚನೆ ಮಾಡದೆ ದಾಟಬೇಕು. ಅತ್ತೆ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ನನ್ನ ಕೈಗೆ ಕೊಟ್ಟು, ನನಗಿಂತ ಮೊದಲು ಬೋಟಿನಲ್ಲಿದ್ದರು. ಮೊಣಕಾಲು ನೋವಿರುವವರಿಗೆ ಇದು ಕಷ್ಟ, ಹಡಗು ಹೊರಗೇ ನಿಲ್ಲುವ ದ್ವೀಪದಲ್ಲೆಲ್ಲ ಇಳಿಯಲಿಕ್ಕೊಮ್ಮೆ, ಹತ್ತಲಿಕ್ಕೊಮ್ಮೆ. ಸೀರೆಗಿಂತ ಚೂಡಿದಾರ್ ಮೇಲು, ಚಪ್ಪಲಿ ಹಿಂದೆ ಪಟ್ಟಿ ಇರುವಂಥದ್ದು.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಕಳೆದ ಒಂದು ಏಜೆಂಟನದ್ದು.